ಎರಡು ಸೀಡಿಯಲ್ಲಿ ಒಬ್ಬ ಕೊಳಲಿನವ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಜಾಝ್‌ನಲ್ಲಿ ಕೊಳಲಿಗೆ ಏನೋ ಕೆಲಸ? ಟ್ರಂಪೆಟ್ಟು, ಸ್ಯಾಕ್ಸೊಫೋನು, ಡ್ರಮ್ಸು ಎಲ್ಲ ಒಟ್ಟಿಗೆ ಎದ್ದರೆ ಪಾಪ ಕೊಳಲು ಯಾರಿಗೆ ಕೇಳುತ್ತೆ?" ಅಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಮಗಳು ಕರೆದಳು, ಮಾತು ಅಲ್ಲಿಗೇ ನಿಂತಿತು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯ್ತು. ಇದು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ. ಕೂತು ಬರೆಯೋಣ ಅನ್ನಿಸಿತು. ಕೊಳಲಿನ ಹುಚ್ಚಿರುವ ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನ್ನ ಹೆಸರು ಬರೆದಿಲ್ಲ. ಬೇಜಾರಿಲ್ಲ ಅಲ್ವಾ?

ಒಂದು ತಿಂಗಳಿಂದ ನಾನು ಹೆಚ್ಚುಕಮ್ಮಿ ಒಂದೇ ಆಲ್ಬಂ ಕೇಳುತ್ತಿದ್ದೇನೆ. 'ದಿ ಎವಲ್ಯೂಷನ್ ಆಫ್ ಮ್ಯಾನ್' ಅಂತ ಹೆಸರು. ಹರ್ಬಿ ಮ್ಯಾನ್ ಅನ್ನುವ ಅಮೆರಿಕದ ಕೊಳಲುವಾದಕನ ಸಂಕಲನ ಅದು. ಎರಡು ಸೀಡಿ. ರೈನೋ ಕಂಪನಿ 1994ರಲ್ಲಿ ತಂದದ್ದು. ಹೆಸರಿನಲ್ಲೇ ಒಂದು ಆಟ ಇದೆ ನೋಡು. ಮನುಷ್ಯನ ವಿಕಾಸ ಅಂತಲೂ ಓದಬಹುದು, ಈ ಮ್ಯಾನ್ ಬೆಳೆದು ಬಂದ ದಾರಿ ಅಂತಲೂ ಓದಬಹುದು. ತನ್ನ ಹೆಸರಿನ ಜೊತೆ ಹೀಗೆ ಆಟ ಆಡುವುದು ಅವನಿಗೆ ಬಹಳ ಇಷ್ಟ. ಅವನ ಎಷ್ಟೋ ಆಲ್ಬಂಗಳ ಹೆಸರು ಇದೇ ಥರ ಇವೆ.

ಸಂಕಲನ ಅಂದ ತಕ್ಷಣ ನಿನ್ನ ಮುಖ ಹೇಗಾಗುತ್ತದೆ ಅಂತ ನನಗೆ ಗೊತ್ತು. ಕ್ಯಾಸೆಟ್ ಕಾಲದಿಂದಲೂ ನೀನು ಕಚೇರಿಯನ್ನು ವರ್ಣದಿಂದ ಮಂಗಳದ ತನಕ ಇಡಿಯಾಗಿ ಕೇಳುವವನು. ಅಲ್ಲೊಂದು ಇಲ್ಲೊಂದು ಕಿತ್ತು ಜೋಡಿಸಿದ್ದು ನಿನಗೆ ಆಗುವುದಿಲ್ಲ. ಬೇರೆ ಯಾರ ವಿಷಯದಲ್ಲಾದರೂ ನಾನು ನಿನ್ನ ಮಾತನ್ನೇ ಒಪ್ಪುತ್ತಿದ್ದೆ. ಮ್ಯಾನ್ ವಿಷಯದಲ್ಲಿ ಮಾತ್ರ ಒಪ್ಪಲಾರೆ. ಅವನ ಒಂದೊಂದು ಆಲ್ಬಂ ಬಿಡಿಯಾಗಿ ಕೇಳಿದರೆ, ಗಾಳಿ ಬಂದ ಕಡೆ ತೂರಿಕೊಂಡವನ ಹಾಗೆ ಕಾಣುತ್ತಾನೆ. ಒಂದು ವರ್ಷ ಕ್ಯೂಬಾದ ತಾಳ, ಇನ್ನೊಂದು ವರ್ಷ ಬ್ರೆಜಿಲ್, ಆಮೇಲೆ ಮೆಂಫಿಸ್, ಕೊನೆಗೆ ಡಿಸ್ಕೊ. ಅಷ್ಟೂ ವರ್ಷದ್ದನ್ನು ಒಂದರ ಪಕ್ಕ ಒಂದು ಇಟ್ಟು ಕೇಳಿದಾಗಲೇ ತಿಳಿಯುವುದು, ಅವನು ಉದ್ದಕ್ಕೂ ಹುಡುಕಿದ್ದು ಒಂದನ್ನೇ ಅಂತ. ತನ್ನ ಕೊಳಲು ಕೂರುವುದಕ್ಕೆ ಒಂದು ಒಳ್ಳೆಯ ತಾಳದ ಜಗಲಿ.

ನಿನ್ನ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲೇ.

ಮೊದಲು ಅವನ ಕೈಯಲ್ಲಿದ್ದ ಕೊಳಲಿನ ವಿಷಯ ಹೇಳುತ್ತೇನೆ. ನಿನ್ನದು ಬಿದಿರು, ಎಂಟು ತೂತು, ಬೆರಳು ನೇರವಾಗಿ ತೂತಿನ ಮೇಲೆ. ಬೆರಳನ್ನು ಒಂದು ಕೂದಲೆಳೆ ಸರಿಸಿದರೂ ಸ್ವರ ಜಾರುತ್ತದೆ, ಗಮಕ ಹುಟ್ಟುತ್ತದೆ. ಅವನದು ಲೋಹದ ಕೊಳಲು. ಜರ್ಮನಿಯ ಥಿಯೊಬಾಲ್ಡ್ ಬೋಹ್ಮ್ 1847ರಲ್ಲಿ ರೂಪಿಸಿದ ಮಾದರಿಯದು. ಅದರಲ್ಲಿ ಬೆರಳು ಕೀಲಿಗಳನ್ನು ಒತ್ತುತ್ತದೆ, ಕೀಲಿಗೆ ಸೇರಿದ ಮುಚ್ಚಳ ತೂತನ್ನು ಮುಚ್ಚುತ್ತದೆ. ಹಾಗಾಗಿ ಸ್ವರಗಳು ಬಿಡಿಬಿಡಿಯಾಗಿ, ಚೊಕ್ಕವಾಗಿ ಬರುತ್ತವೆ. ಜಾರಿಸಬೇಕು ಅಂದರೆ ತುಟಿಯ ಹತ್ತಿರ ಕೊಳಲನ್ನೇ ಸ್ವಲ್ಪ ಒಳಕ್ಕೆ ಹೊರಕ್ಕೆ ತಿರುಗಿಸಬೇಕು. ಇನ್ನು ಅದರ ಕೆಳಗಿನ ಸ್ಥಾಯಿ ಇದೆಯಲ್ಲ, ಕೇಳಲು ಬಲು ಇಂಪು. ಆದರೆ ದನಿ ಸಣ್ಣದು. ಡ್ರಮ್ಸ್‌ನವನು ಕಂಚಿನ ತಟ್ಟೆ ಬಾರಿಸಲು ಶುರುಮಾಡಿದ ಅಂದರೆ ಅದು ಮುಳುಗಿಯೇ ಹೋಗುತ್ತದೆ. ನೀನು ಹೇಳಿದ್ದು ಸುಳ್ಳಲ್ಲ.

ಅದಕ್ಕೇ ಶುರುವಿನ ಜಾಝ್‌ನಲ್ಲಿ ಕೊಳಲಿನವರು ತೀರಾ ಕಮ್ಮಿ. 1930ರ ದಶಕದಲ್ಲಿ ಚಿಕ್ ವೆಬ್ ತಂಡದಲ್ಲಿ ವೇಮನ್ ಕಾರ್ವರ್ ಅನ್ನುವವರು ನುಡಿಸುತ್ತಿದ್ದರು. 50ರ ದಶಕದಲ್ಲಿ ಕೌಂಟ್ ಬೇಸಿ ತಂಡದಲ್ಲಿ ಫ್ರ್ಯಾಂಕ್ ವೆಸ್ ಇದ್ದರು. ಇವರಿಬ್ಬರ ಕೈಯಲ್ಲೂ ಹೆಚ್ಚು ಹೊತ್ತು ಇರುತ್ತಿದ್ದದ್ದು ಸ್ಯಾಕ್ಸೊಫೋನೇ. ಕೊಳಲು ಆಗಾಗ ಹೊರಗೆ ಬರುವ ಎರಡನೆಯ ವಾದ್ಯ. ಅದನ್ನೇ ಮುಂದಿಟ್ಟುಕೊಂಡು, ಅದರ ಹೆಸರಲ್ಲೇ ಸಾವಿರಾರು ಜನರನ್ನು ಸೇರಿಸಿದವನು ಮ್ಯಾನ್.

ಅವನ ನಿಜವಾದ ಹೆಸರು ಹರ್ಬರ್ಟ್ ಜೇ ಸಾಲೊಮನ್. ಹುಟ್ಟಿದ್ದು 1930ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಚಿಕ್ಕ ಹುಡುಗನಾಗಿದ್ದಾಗ ಹೆಸರಾಂತ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಕಾರ್ಯಕ್ರಮ ನೋಡಿ ಕ್ಲಾರಿನೆಟ್ ಹಿಡಿದ. ಆಮೇಲೆ ಸ್ಯಾಕ್ಸೊಫೋನ್. ಸೇನೆ ಸೇರಿ ಇಟಲಿಯ ಟ್ರಿಯೆಸ್ಟ್‌ನಲ್ಲಿದ್ದ, ಅಲ್ಲಿ ಸೇನೆಯ ಬ್ಯಾಂಡಿನಲ್ಲಿ ನುಡಿಸಿದ. ವಾಪಸ್ ಬಂದ ಮೇಲೆ, 1953ರಲ್ಲಿ, ಮ್ಯಾಟ್ ಮ್ಯಾಥ್ಯೂಸ್ ಅನ್ನುವ ಡಚ್ ಅಕಾರ್ಡಿಯನ್ ವಾದಕನಿಗೆ ಜಾಝ್ ಕೊಳಲಿನವನು ಬೇಕಾಗಿದ್ದಾನೆ ಅಂತ ಸುದ್ದಿ ಸಿಕ್ಕಿತು. ಸ್ಯಾಕ್ಸೊಫೋನ್ ನುಡಿಸುವವರು ನ್ಯೂಯಾರ್ಕಿನ ತುಂಬ ಇದ್ದರು, ಕೆಲಸ ಸಿಗುವುದು ಕಷ್ಟ. ಇವನು "ನಾನಿದ್ದೇನೆ" ಅಂದುಬಿಟ್ಟ. ಅಲ್ಲಿಯ ತನಕ ಕೊಳಲಿನಲ್ಲಿ ಜಾಝ್ ನುಡಿಸಿರಲಿಲ್ಲ. ಕೆಲಸ ಒಪ್ಪಿಕೊಂಡ ಮೇಲೆ ಕಲಿತ. ಕೇಳಿ ಕಲಿಯಲು ಕೊಳಲಿನವರು ಸಿಗದೆ ಟ್ರಂಪೆಟ್ ನುಡಿಸುವವರನ್ನು ಕೇಳಿ ಕಲಿತ. ಅವನ ಕೊಳಲಿನಲ್ಲಿ ಆ ಚುರುಕು ಈಗಲೂ ಕೇಳುತ್ತದೆ. ಸಾಲು ಚಿಕ್ಕದು. ಹೇಳಬೇಕಾದ್ದನ್ನು ಹೇಳಿ ಬಿಟ್ಟುಬಿಡುತ್ತಾನೆ, ಮಧ್ಯೆ ಉಸಿರಿಗೆ ಜಾಗ ಕೊಡುತ್ತಾನೆ.

ಆದರೆ ಅಸಲು ಸಂಗತಿ ನಡೆದದ್ದು ಆಮೇಲೆ. ಕೊಳಲಿನ ದನಿ ಏರಿಸುವುದರ ಬದಲು ಅವನು ಕೊಳಲಿನ ಸುತ್ತ ಇರುವವರನ್ನೇ ಬದಲಾಯಿಸಿದ. ನ್ಯೂಯಾರ್ಕಿನಲ್ಲಿ ಆಗ ಕ್ಯೂಬಾದ ಸಂಗೀತ ಜೋರಾಗಿತ್ತು. ಕ್ಯೂಬಾದಲ್ಲಿ ಚರಂಗಾ ಅಂತ ಒಂದು ಬಗೆಯ ಮೇಳ ಇದೆ. ಪಿಟೀಲುಗಳು, ತಾಳವಾದ್ಯಗಳು, ಎಲ್ಲದರ ಮೇಲೆ ಹಾರಾಡುವ ಒಂದು ಕೊಳಲು. ಆ ಊರಿನಲ್ಲಿ ಜನ ಕೊಳಲಿಗೇ ಕುಣಿಯುತ್ತಾರೆ ಕಣೋ! ಕೈಯಲ್ಲಿ ಬಾರಿಸುವ ಕಾಂಗಾ, ಬೊಂಗೊ ಥರದ ಚರ್ಮವಾದ್ಯಗಳ ದನಿ ಕೊಳಲಿನ ಜಾಗಕ್ಕೆ ಬಂದು ತುಳಿಯುವುದಿಲ್ಲ, ಕೆಳಗಿನಿಂದ ಎತ್ತಿ ಹಿಡಿಯುತ್ತದೆ. ನಮ್ಮಲ್ಲಿ ಕೊಳಲಿನ ಪಕ್ಕ ಮೃದಂಗ ಕೂರುತ್ತಲ್ಲ, ಹಾಗೆ. ನಿನಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. 1959ರಲ್ಲಿ ಮ್ಯಾನ್ ಆಫ್ರೊ-ಜಾಝ್ ಸೆಕ್ಸ್‌ಟೆಟ್ ಅನ್ನುವ ಆರು ಜನರ ತಂಡ ಕಟ್ಟಿದ. ನೈಜೀರಿಯಾದ ಬಾಬಾಟುಂಡೆ ಒಲಾಟುಂಜಿ ಥರದ ಡೋಲಿನವರು ಅವನ ಜೊತೆ ನುಡಿಸಿದರು. 1960ರಲ್ಲಿ ಅಮೆರಿಕ ಸರ್ಕಾರದ ಪ್ರವಾಸದ ಮೇಲೆ ಆಫ್ರಿಕಾಕ್ಕೇ ಹೋಗಿ ಬಂದ.

ಈಗ 'ಕಮಿಂಗ್ ಹೋಮ್ ಬೇಬಿ' ವಿಷಯಕ್ಕೆ ಬರುತ್ತೇನೆ. ಸಂಕಲನ ಕೈಗೆ ಬಂದ ದಿನ ಅದನ್ನು ಸತತವಾಗಿ ನಾಲ್ಕು ಸಲ ಹಾಕಿದೆ.

1961ರ ನವೆಂಬರಿನಲ್ಲಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನ ವಿಲೇಜ್ ಗೇಟ್ ಅನ್ನುವ ಕ್ಲಬ್ಬಿನಲ್ಲಿ, ಜನರ ಎದುರು ನುಡಿಸುವಾಗಲೇ ಮುದ್ರಿಸಿದ್ದು ಅದು. ಬರೆದವರು ಬೆನ್ ಟಕ್ಕರ್, ಅವರೇ ಅದರಲ್ಲಿ ಬಾಸ್ ಅನ್ನುವ ತಗ್ಗು ದನಿಯ ದೊಡ್ಡ ತಂತಿವಾದ್ಯ ಹಿಡಿದಿದ್ದಾರೆ. ಅವರಲ್ಲದೆ ಇನ್ನೊಂದು ಬಾಸ್ ಇದೆ, ಅಹ್ಮದ್ ಅಬ್ದುಲ್ ಮಲಿಕ್ ಅವರದು. ಲೋಹದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವೈಬ್ರಫೋನ್‌ನಲ್ಲಿ ಹ್ಯಾಗುಡ್ ಹಾರ್ಡಿ. ಡ್ರಮ್ಸ್‌ನಲ್ಲಿ ರೂಡಿ ಕಾಲಿನ್ಸ್. ಕೈವಾದ್ಯಗಳಿಗೆ ಚೀಫ್ ಬೇ ಮತ್ತು ರೇ ಮಾಂಟಿಲಾ. ಈ ಪಟ್ಟಿಯನ್ನು ಸರಿಯಾಗಿ ನೋಡು. ಟ್ರಂಪೆಟ್ ಇಲ್ಲ. ಸ್ಯಾಕ್ಸೊಫೋನ್ ಇಲ್ಲ. ಪಿಯಾನೊ ಕೂಡ ಇಲ್ಲ. ಊದುವವನು ಒಬ್ಬನೇ. "ಯಾರಿಗೆ ಕೇಳುತ್ತೆ" ಅಂದೆಯಲ್ಲ, ಇಲ್ಲಿ ಕೊಳಲು ಕೇಳದೇ ಇರುವ ಮಾತೇ ಇಲ್ಲ.

ಬಾಸ್ ಒಂದು ಗಿಡ್ಡ ಸಾಲನ್ನು ಹಿಡಿದು ಮತ್ತೆ ಮತ್ತೆ ನುಡಿಸುತ್ತದೆ. ಅದರ ಮೇಲೆ ಚರ್ಮದ ದನಿ. ಆಮೇಲೆ ಕೊಳಲು ಬರುತ್ತದೆ. ನಾನು ತಡೆದು ತಡೆದು ಕೇಳಿದ್ದು ಅವನ ನಾಲಗೆಯ ಕೆಲಸವನ್ನು. ನೀವು ತುತ್ತುಕಾರ ಅನ್ನುತ್ತೀರಲ್ಲ, ಅದನ್ನು ಇವನು ತಾಳವಾದ್ಯದ ಹಾಗೆ ಬಳಸುತ್ತಾನೆ. ಮೂರೋ ನಾಲ್ಕೋ ಸ್ವರದ ಒಂದು ತುಣುಕು ಹಿಡಿಯುತ್ತಾನೆ. ಅದನ್ನೇ ತಟ್ಟುತ್ತಾನೆ. ಇನ್ನೊಮ್ಮೆ ತಟ್ಟುತ್ತಾನೆ. ಮೂರನೇ ಸಲಕ್ಕೆ ಅದು ಒಂದು ಗೇಣು ಆ ಕಡೆ ಸರಿದಿರುತ್ತದೆ, ಪೆಟ್ಟು ಬೀಳುವ ಜಾಗ ಬದಲಾಗಿರುತ್ತದೆ. ಹಿಂದೆ ಜನ ಕೂಗುವುದು ಕೇಳುತ್ತದೆ. ನಮ್ಮಲ್ಲಿ ತನಿ ಆವರ್ತನದಲ್ಲಿ ಮುಂದಿನ ಸಾಲಿನವರು ತೊಡೆ ತಟ್ಟಿಕೊಂಡು "ಭಲೇ" ಅನ್ನುತ್ತಾರಲ್ಲ, ಅದೇ ಸಂತೋಷ ಅದು. ನಮ್ಮ ಕರ್ನಾಟಕ ಸಂಗೀತದ ಕೊಳಲು ವಿದ್ವಾಂಸ ಮಾಲಿಯವರ ಕೊಳಲು ಹಾಡುತ್ತದೆ ಅಂತ ನೀನು ಯಾವಾಗಲೂ ಹೇಳುತ್ತಿದ್ದೆ. ಇವನ ಕೊಳಲು ಹಾಡುವುದಕ್ಕಿಂತ ಜಾಸ್ತಿ ಮಾತಾಡುತ್ತದೆ, ಬಾಗಿಲು ಬಡಿಯುತ್ತದೆ, ಕರೆಯುತ್ತದೆ. ಗಮಕ ಹುಡುಕಬೇಡ, ಸಿಗುವುದಿಲ್ಲ. ಲಯ ಹುಡುಕು.

ಸಂಕಲನದ ಒಂದು ಉಪಕಾರ ಏನು ಅಂದರೆ, ಅದು ನಿನ್ನನ್ನು ಮೂಲಕ್ಕೆ ಕಳಿಸುತ್ತದೆ. ಇದನ್ನು ಕೇಳಿ ನಾನು ವಿಲೇಜ್ ಗೇಟ್ ಆಲ್ಬಮ್ಮನ್ನೇ ಹುಡುಕಿಕೊಂಡು ಹೋದೆ. ಅದರಲ್ಲಿ ಇರುವುದು ಮೂರೇ ಮೂರು ಹಾಡು. ಕೊನೆಯದು ಸುಮಾರು ಇಪ್ಪತ್ತು ನಿಮಿಷ ಓಡುತ್ತದೆ. ವರ್ಣದಿಂದ ಮಂಗಳದ ತನಕ ಬೇಕು ಅನ್ನುವ ನಿನಗೆ ಅದು ಹಿಡಿಸೀತು.

ಬ್ರೆಜಿಲ್ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1961ರಲ್ಲಿ ಅಲ್ಲಿಗೆ ಹೋದ, ಬೋಸಾ ನೋವಾ ಅನ್ನುವ ಅಲ್ಲಿಯ ಸಂಗೀತ ಕೇಳಿ ಮರುಳಾದ. 1962ರಲ್ಲಿ ಮತ್ತೆ ರಿಯೊಗೆ ಹೋಗಿ ಅಲ್ಲಿಯವರ ಜೊತೆಯಲ್ಲೇ ಮುದ್ರಿಸಿದ. ಆಂಟೊನಿಯೊ ಕಾರ್ಲೋಸ್ ಜೋಬಿಂ, ಬೇಡನ್ ಪೊವೆಲ್, ಸರ್ಜಿಯೊ ಮೆಂಡಿಸ್ ಎಲ್ಲ ಅದರಲ್ಲಿದ್ದಾರೆ. ಅಮೆರಿಕದ ಎಷ್ಟೋ ಜನ ಆಗ ಬೋಸಾ ನೋವಾವನ್ನು ನ್ಯೂಯಾರ್ಕಿನಲ್ಲೇ ಕೂತು ನುಡಿಸುತ್ತಿದ್ದರು. ಇವನು ಆ ತಾಳ ಹುಟ್ಟಿದ ಊರಿಗೇ ಹೋದ. ಅವನ ಮೇಲೆ ನನಗೆ ಗೌರವ ಹೆಚ್ಚಲು ಇದೊಂದು ಕಾರಣ ಸಾಕು.

ಊರಿಗೇ ಹೋಗುವ ಈ ಅಭ್ಯಾಸದ ದೊಡ್ಡ ಫಲ 'ಮೆಂಫಿಸ್ ಅಂಡರ್‌ಗ್ರೌಂಡ್'. 1968ರಲ್ಲಿ ಮ್ಯಾನ್ ತನ್ನ ಕಡೆಯ ಕೆಲವರನ್ನು ಕರೆದುಕೊಂಡು ಟೆನೆಸಿಯ ಮೆಂಫಿಸ್‌ಗೆ ಹೋದ. ಅಲ್ಲಿ ಅಮೆರಿಕನ್ ಸೌಂಡ್ ಅನ್ನುವ ಸ್ಟುಡಿಯೊ. ಎಲ್ವಿಸ್ ಪ್ರೆಸ್ಲಿ ಮರುವರ್ಷ ಬಂದು ಹಾಡಿದ್ದೂ ಅಲ್ಲೇ. ಆ ಸ್ಟುಡಿಯೊಗೆ ತನ್ನದೇ ಖಾಯಂ ವಾದಕರಿದ್ದರು. ದಿನಾ ಸೋಲ್ ಅನ್ನುವ ಕಪ್ಪು ಅಮೆರಿಕನ್ನರ ಶೈಲಿಯ ಹಾಡುಗಳಿಗೆ ನುಡಿಸಿ ನುಡಿಸಿ ಪಳಗಿದ ಕೈಗಳು. ಗಿಟಾರಿನ ರೆಜಿ ಯಂಗ್, ಆರ್ಗನ್‌ನ ಬಾಬಿ ಎಮನ್ಸ್, ಡ್ರಮ್ಸ್‌ನ ಜೀನ್ ಕ್ರಿಸ್‌ಮನ್. ಮ್ಯಾನ್ ಜೊತೆಗೆ ಬಂದವರು ವೈಬ್ರಫೋನ್‌ನ ರಾಯ್ ಏಯರ್ಸ್, ಗಿಟಾರಿನ ಲ್ಯಾರಿ ಕೊರಿಯೆಲ್ ಮತ್ತು ಸಾನಿ ಶಾರಾಕ್. ನಿರ್ಮಾಪಕ ಟಾಮ್ ಡೌಡ್.

ಸಂಕಲನದಲ್ಲಿ ಈ ಹಾಡು ಬಂದಾಗ ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಡಿಕಾಕ್ಷನ್ ಇಳಿಯುವ ತನಕ ಅಲ್ಲೇ ನಿಂತುಬಿಟ್ಟೆ. ಕೆಳಗಿನ ತಾಳ ಒಂದು ಇಂಚು ಕದಲುವುದಿಲ್ಲ ಮಾರಾಯ. ಸ್ವರದ ಬುಡವೂ ಹೆಚ್ಚು ಅಲುಗುವುದಿಲ್ಲ. ತಂಬೂರಿಯೇ ಡ್ರಮ್ಸ್ ಹಿಡಿದು ನಡೆದ ಹಾಗೆ. ಏಳು ನಿಮಿಷ ಅದೇ ನಡಿಗೆ. ಅದರ ಮೇಲೆ ಕೊಳಲಿಗೆ ಎಷ್ಟು ಜಾಗ ಇದೆ ನೋಡು! ಅವಸರ ಇಲ್ಲ, ಗದ್ದಲ ಇಲ್ಲ. ಕೆಳಗಿನ ಸ್ಥಾಯಿಯಲ್ಲಿ ಉಸಿರು ಬೆರೆತ ದನಿಯಲ್ಲಿ ಶುರು ಮಾಡಿ ನಿಧಾನಕ್ಕೆ ಮೇಲೆ ಹೋಗುತ್ತಾನೆ. ವೈಬ್ರಫೋನಿಗೆ ಜಾಗ ಬಿಡುತ್ತಾನೆ, ಗಿಟಾರಿಗೆ ಬಿಡುತ್ತಾನೆ. ಯಜಮಾನ ತಾನಾದರೂ ಉಳಿದವರು ಹೇಳಲಿ ಅಂತ ಕಾಯುತ್ತಾನೆ. ಆ ಆಲ್ಬಮ್ಮಿನಲ್ಲಿ ಶಾರಾಕ್ ಗಿಟಾರು ಒಂದೆರಡು ಕಡೆ ತಂತಿ ಹರಿದು ಹೋಗುವ ಹಾಗೆ ಕಿರುಚುತ್ತದೆ. ಜನಪ್ರಿಯ ಆಗಲೇಬೇಕು ಅನ್ನುವ ಒಂದೇ ಆಸೆ ಇದ್ದವನು ಅಂಥ ಗಿಟಾರಿನವನನ್ನು ಜೊತೆಯಲ್ಲಿ ಕರೆತರುತ್ತಿರಲಿಲ್ಲ. 1969ರಲ್ಲಿ ಹೊರಬಂದ ಆ ಆಲ್ಬಂ ಅವನ ಅತಿ ದೊಡ್ಡ ಯಶಸ್ಸುಗಳಲ್ಲಿ ಒಂದಾಯಿತು.

ಯಶಸ್ಸಿನ ಜೊತೆಗೇ ಬೈಗುಳವೂ ಬಂತು. 'ಡೌನ್‌ಬೀಟ್' ಅನ್ನುವ ಜಾಝ್ ಪತ್ರಿಕೆಯ ಓದುಗರು ಕೊಳಲಿನ ವಿಭಾಗದಲ್ಲಿ ವರ್ಷದ ಮೇಲೆ ವರ್ಷ ಇವನನ್ನೇ ಆರಿಸಿದರು. ಅದೇ ಹೊತ್ತಿಗೆ ಜಾಝ್ ಪಂಡಿತರು ಇವನನ್ನು ಹಗುರವಾಗಿ ಕಂಡರು. ಮಾರಾಟಕ್ಕೆ ನುಡಿಸುತ್ತಾನೆ, ಫ್ಯಾಷನ್ ಹಿಂದೆ ಓಡುತ್ತಾನೆ ಅಂದರು. ಬಿಲ್ ಎವಾನ್ಸ್ ಅಂಥ ಪಿಯಾನೊ ವಾದಕರ ಮೂವರ ತಂಡದ ಜೊತೆ ಕೂತು ತಣ್ಣಗೆ, ಮೆಲ್ಲಗೆ ನುಡಿಸಿದ ಆಲ್ಬಂ ಇದೆ ಅವನದು, 'ನಿರ್ವಾಣ' ಅಂತ. ಅದನ್ನು ಕೇಳಿದವರು ಈ ಮಾತು ಆಡಲಾರರು.

ಪಂಡಿತರ ಈ ಬೈಗುಳ ಓದುವಾಗೆಲ್ಲ ನನಗೆ ಹಾಸ್ಟೆಲ್ ಮಹಡಿ ನೆನಪಾಗುತ್ತಿತ್ತು ಗೆಳೆಯಾ. ಕರೆಂಟ್ ಹೋಗಿದ್ದ ರಾತ್ರಿ. ಹುಡುಗರೆಲ್ಲ ಚಾಪೆ ಹಾಸಿಕೊಂಡು ಮೇಲೆ ಬಂದಿದ್ದರು. ನೀನು ಮೊದಲು ಮೋಹನ ರಾಗ ನುಡಿಸಿದೆ. ಆಮೇಲೆ ಯಾರೋ ಕೇಳಿದರು ಅಂತ ಒಂದು ಸಿನಿಮಾ ಹಾಡು ಎತ್ತಿಕೊಂಡೆ. ಕೆಳಗಿನ ಮಹಡಿಯಿಂದಲೂ ಹುಡುಗರು ಹತ್ತಿ ಬಂದರು. ಒಬ್ಬ ಬಕೆಟ್ ಬೋರಲು ಹಾಕಿ ತಾಳ ಹಾಕಿದ. ನೀನು ನಗುತ್ತಾ ನುಡಿಸಿದ್ದನ್ನು ನಾನು ನೋಡಿದ್ದು ಅವತ್ತು ಮಾತ್ರ. ಯಾರ ಬಾಯಿಂದಲೋ ಅದು ನಿನ್ನ ಗುರುಗಳ ಕಿವಿಗೆ ಬಿತ್ತು. ಕೊಳಲನ್ನು ಬೀದಿಗೆ ಇಳಿಸಿದೆ ಅಂತ ಎಲ್ಲ ಶಿಷ್ಯರ ಎದುರು ಅಂದರಂತೆ. ನೀನು ವಾಪಸ್ ಬಂದು ಏನೂ ಹೇಳದೆ ಕೊಳಲನ್ನು ಹಳೇ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ. ಆಮೇಲೆ ಅದು ಹೊರಗೆ ಬಂದದ್ದು ಬಹಳ ಕಮ್ಮಿ. ಅವತ್ತು ನಿನಗೆ ಏನು ಹೇಳಬೇಕು ಅಂತ ನನಗೆ ತಿಳಿಯಲಿಲ್ಲ. ಇವತ್ತು ತಿಳಿದಿದೆ. ಆ ರಾತ್ರಿ ಬಕೆಟ್ಟಿನ ಆ ತಾಳದ ಮೇಲೆ ನೀನು ನುಡಿಸಿದ್ದು ಚೆನ್ನಾಗಿತ್ತು. ತುಂಬಾ ಚೆನ್ನಾಗಿತ್ತು.

ಇರಲಿ. ಮತ್ತೆ ಆಲ್ಬಮ್ಮಿಗೆ ಬರುತ್ತೇನೆ.

ಎಲ್ಲವೂ ಒಂದೇ ಸಮ ಇದೆ ಅಂತ ನಾನು ಹೇಳುವುದಿಲ್ಲ. 1971ರ 'ಪುಷ್ ಪುಷ್' ಆಲ್ಬಂ ಕಾಲದ ನುಡಿಸಾಣಿಕೆ ನನಗೆ ಇಷ್ಟ. ಅದರಲ್ಲಿ ಡುವೇನ್ ಆಲ್ಮನ್ ಗಿಟಾರ್ ಇದೆ. ಆ ಹುಡುಗ ಅದೇ ವರ್ಷ ಅಕ್ಟೋಬರಿನಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡ, ಬರೀ 24 ವರ್ಷ. ಅವನ ಗಿಟಾರೂ ಮ್ಯಾನ್ ಕೊಳಲೂ ಒಂದರ ಮಾತನ್ನು ಒಂದು ಎತ್ತಿಕೊಳ್ಳುವುದನ್ನು ಕೇಳುವಾಗ ಅದು ನೆನಪಾಗಿ ಸಂಕಟವಾಗುತ್ತದೆ. 'ಹೈಜಾಕ್' ಬಂದಾಗ ಮಾತ್ರ ನಾನು ಸಾಮಾನ್ಯವಾಗಿ ಮುಂದಕ್ಕೆ ಒತ್ತುತ್ತೇನೆ. 1975ರಲ್ಲಿ ಅಮೆರಿಕದ ಡಿಸ್ಕೊ ಪಟ್ಟಿಯ ತುದಿಗೆ ಏರಿದ ಹಾಡು ಅದು. ತಾಳ ಗಟ್ಟಿಯಾಗಿದೆ, ಕುಣಿಯುವವರಿಗೆ ಹೇಳಿ ಮಾಡಿಸಿದ್ದು. ಆದರೆ ಅಲ್ಲಿ ಕೊಳಲು ಮೇಲೆ ಸಿಂಪಡಿಸಿದ ಕೊತ್ತಂಬರಿ ಸೊಪ್ಪಿನ ಹಾಗೆ ಅಷ್ಟೇ. ತಾಳದ ಜೊತೆ ಮಾತುಕತೆ ಇಲ್ಲ. ಮೆಂಫಿಸ್‌ನವರು ಇವನು ಏನು ಹೇಳುತ್ತಾನೆ ಅಂತ ಕೇಳಿಸಿಕೊಂಡು ನುಡಿಸುತ್ತಿದ್ದರು. ಡಿಸ್ಕೊ ತಾಳ ಯಾರನ್ನೂ ಕೇಳಿಸಿಕೊಳ್ಳುವುದಿಲ್ಲ. ಇದೂ ಸಂಕಲನದಲ್ಲಿ ಇರುವುದು ಒಳ್ಳೆಯದೇ. ಆ ವ್ಯತ್ಯಾಸ ಪಕ್ಕಪಕ್ಕದಲ್ಲಿ ಕೇಳಿದಾಗಲೇ ನನಗೆ ಗೊತ್ತಾದದ್ದು.

1994ರ ನಂತರದ್ದು ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ನಿನಗೆ ಇನ್ನೊಂದು ಆಲ್ಬಂ ಬೇಕು. ಅವನ ಮನೆಯವರು ಪೂರ್ವ ಯುರೋಪಿನ ಮೂಲದ ಯಹೂದಿಗಳು. ಕ್ಯೂಬಾ, ಆಫ್ರಿಕಾ, ಬ್ರೆಜಿಲ್, ಮೆಂಫಿಸ್ ಎಲ್ಲ ಸುತ್ತಿ ಬಂದ ಮೇಲೆ, 70ರ ವಯಸ್ಸಿನಲ್ಲಿ ಅವನು ತನ್ನ ಮನೆಯವರ ಕಡೆಯ ಸಂಗೀತಕ್ಕೆ ತಿರುಗಿದ. 2000ದಲ್ಲಿ ಬಂದ 'ಈಸ್ಟರ್ನ್ ಯೂರೋಪಿಯನ್ ರೂಟ್ಸ್' ಅದು. ಅಷ್ಟು ಹೊತ್ತಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಗಿ ಮೂರು ವರ್ಷ ಆಗಿತ್ತು. ಆ ಕಾಯಿಲೆಯ ಬಗ್ಗೆ ಗಂಡಸರು ಬಾಯಿಬಿಡಬೇಕು, ಪರೀಕ್ಷೆ ಮಾಡಿಸಿಕೊಳ್ಳಬೇಕು ಅಂತ ಹೇಳಲು ಒಂದು ಪ್ರತಿಷ್ಠಾನವನ್ನೇ ಮಾಡಿದ. 2003ರ ಮೇ ತಿಂಗಳಲ್ಲಿ ನ್ಯೂ ಆರ್ಲಿಯನ್ಸ್ ಜಾಝ್ ಹಬ್ಬದಲ್ಲಿ ಕೊನೆಯ ಸಲ ನುಡಿಸಿದ. ಜುಲೈ 1ಕ್ಕೆ ನ್ಯೂ ಮೆಕ್ಸಿಕೊದ ಮನೆಯಲ್ಲಿ ತೀರಿಕೊಂಡ. ಹೋಗುವುದಕ್ಕೆ ಎರಡು ತಿಂಗಳು ಇದೆ ಅನ್ನುವಾಗಲೂ ವೇದಿಕೆ ಮೇಲೆ ಉಸಿರು ಹಿಡಿದು ಕೊಳಲು ಊದುವುದು ಎಂಥ ಕೆಲಸ ಅಂತ ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಎರಡೂ ಸೀಡಿಯನ್ನು ನಿನಗೆ ನಾಳೆ ಕೊರಿಯರ್ ಮಾಡುತ್ತಿದ್ದೇನೆ. ನನ್ನ ಹತ್ತಿರ ಕಂಪ್ಯೂಟರಿನಲ್ಲಿ ಕಾಪಿ ಇದೆ, ವಾಪಸ್ ಕಳಿಸುವುದು ಬೇಡ. ಒಂದು ಮಾತು ಕೇಳು. ಶುರುವಿನಿಂದ ಸಾಲಾಗಿ ಕೇಳಬೇಡ. ಮೊದಲು 'ಕಮಿಂಗ್ ಹೋಮ್ ಬೇಬಿ' ಹಾಕು, ರಾತ್ರಿ ಊಟ ಆದ ಮೇಲೆ, ಹೆಡ್‌ಫೋನ್ ಇಲ್ಲದೆ, ಹಾಲ್‌ನಲ್ಲಿ ಜೋರಾಗಿ. ಮಗಳೂ ಕೇಳಲಿ. ಆ ಬಾಸ್ ಸಾಲು ಎರಡು ಸುತ್ತು ಬರುವಷ್ಟರಲ್ಲಿ ಅವಳು ಟೇಬಲ್ ತಟ್ಟಲು ಶುರು ಮಾಡುತ್ತಾಳೆ. 'ಮೆಂಫಿಸ್ ಅಂಡರ್‌ಗ್ರೌಂಡ್' ಮಾರನೆ ದಿನಕ್ಕೆ ಇರಲಿ.

ಮತ್ತೆ, ಟ್ರಂಕಿನಲ್ಲಿರುವ ಕೊಳಲಿಗೆ ಎಣ್ಣೆ ಹಚ್ಚಿ ಎಷ್ಟು ದಿನ ಆಯ್ತೋ? ಬಿದಿರು ಒಣಗಿದರೆ ಸೀಳು ಬಿಡುತ್ತೆ ಅಂತ ನೀನೇ ಹೇಳುತ್ತಿದ್ದೆ. ಅಮ್ಮನ ಹತ್ತಿರ ಎಳ್ಳೆಣ್ಣೆ ಕೇಳಿ ಇಸ್ಕೊ. ಪಾರ್ಸೆಲ್ ಬಂದ ದಿನ ಫೋನ್ ಮಾಡು, ಎಷ್ಟು ಹೊತ್ತಾದರೂ ಪರವಾಗಿಲ್ಲ.

ನಿನ್ನ,
ಹಾಸ್ಟೆಲ್ ರೂಮಿನ ಗೆಳೆಯ